ಎಲ್ಲಿದ್ದಿರಿ ಎನ್ನಬೇಡಿ

ನಾವು ಸರಕಾರಿ ಗುಮಾಸ್ತರು. ಫೈಲು ನೋಡಿ ಮನುಷ್ಯನನ್ನು ಅಳೆಯುವುದು ನಮ್ಮ ಕಸುಬಿನ ದೋಷ. ಆ ದೋಷವನ್ನು ಬಿಡಿಸಿದವರೊಬ್ಬರ ಮಾತು ಈ ಸಲ.

ವಿಜಾಪುರದ ಕಡೆಯ ಹಿರಿಯರೊಬ್ಬರು 2009ರಲ್ಲಿ ಪುಣೆಯ ಯರವಡಾ ಸೆರೆಮನೆ ಸೇರಿ, 2023ರಲ್ಲಿ ಹೊರಬಂದು, ನಮ್ಮ ಓಣಿಯ ತಂಗಿಯ ಮನೆಯಲ್ಲಿ ಇಳಿದರು. ಅವರು ಒಳಗಿದ್ದಾಗ, 2010ರಲ್ಲಿ ಆಧಾರ್ ಹುಟ್ಟಿತು. 2016ರಲ್ಲಿ ಯುಪಿಐ ಬಂದಿತು. ಅದೇ ವರ್ಷ 500, 1000ದ ಹಳೆಯ ನೋಟುಗಳು ಹೋದವು. ತರಕಾರಿ ಗಾಡಿ ಇಟ್ಟರೆ ಗಿರಾಕಿಗಳೆಲ್ಲ, "ಸ್ಕ್ಯಾನರ್ ಎಲ್ಲಿ?" ಎಂದರಂತೆ.

ಒಂದು ಸಂಜೆ ಹೊಸ ಫೋನು ಹಿಡಿದು ನಮ್ಮ ಬಾಗಿಲಿಗೆ ಬಂದರು. "ರಾಯರ, ಇದನ್ನ ಯಾರಿಗೆ ಕೇಳಲಿ? ಇಷ್ಟು ವರ್ಷ ಎಲ್ಲಿದ್ದಿ ಅಂತಾರ" ಎಂದರು. ಫೋನಿಗಿಂತ ಆ ಪ್ರಶ್ನೆಯೇ ಅವರಿಗೆ ಭಾರವಾಗಿತ್ತು.

"ಕೂಡ್ರಿ ಕಾಕಾ" ಎಂದೆವು. ಎಂಟು ಸಂಜೆ ಪಾಠವಾಯಿತು. ಹಣ ಕಳಿಸಲು ಪಿನ್ ಬೇಕು, ಪಡೆಯಲು ಬೇಡ; ಒಟಿಪಿ ಯಾರಿಗೂ ಹೇಳಬಾರದು. ಇಷ್ಟನ್ನು ದಿನವೂ ಮೂರು ಸಲ ಅವರಿಂದಲೇ ಹೇಳಿಸಿದೆವು. ಅವರು ಪಿನ್ ಇಟ್ಟುಕೊಳ್ಳುವಾಗ ನಾವು ಮುಖ ತಿರುಗಿಸಿದೆವು.

"ನೋಡ್ರಿ, ಅದಕ್ಕೇನು?"

"ಬ್ಯಾಡ ಕಾಕಾ, ಇದು ನಿಮ್ಮ ಕೀಲಿ."

14 ವರ್ಷ ಯಾವ ಕೀಲಿಯೂ ತಮ್ಮ ಕೈಯಲ್ಲಿರದಿದ್ದ ಆ ಮನುಷ್ಯ ಬಹಳ ಹೊತ್ತು ಮಾತಾಡಲಿಲ್ಲ.

ಈಗ ಗಾಡಿ ನಡೆದಿದೆ. ಫೋನಿನ ಮೊದಲ ಹತ್ತು ರೂಪಾಯಿ ನಮ್ಮ ಮನೆಯ ಕೊತ್ತಂಬರಿಯದು. ಬಂಧುಗಳೇ, ನಿಮ್ಮ ಓಣಿಗೂ ಇಂಥವರು ಬಂದಾರು. ಕಲಿಸಿರಿ, ಎಲ್ಲಿದ್ದಿರೆಂದು ಮಾತ್ರ ಕೇಳಬೇಡಿರಿ.