ಒಂದು ಹೆಸರಿಗೆ ಒಡೆಯರು ಯಾರು?

ದ್ರಾಕ್ಷಿಯ ಗೊಂಚಲಿನ ಮೇಲೆ ಬೂಷ್ಟು ಕಂಡರೆ ನಮ್ಮ ಸೀಮೆಯ ಬೆಳೆಗಾರನು ಔಷಧಿ ಹೊಡೆಯಲು ಧಾವಿಸುತ್ತಾನೆ. ಹಂಗೇರಿ ದೇಶದ ಈಶಾನ್ಯ ಮೂಲೆಯ ಟೊಕಾಯ್ ಸೀಮೆಯ ಬೆಳೆಗಾರನು ಆ ಬೂಷ್ಟಿಗಾಗಿಯೇ ಕಾಯುತ್ತಾನೆ. ಅಲ್ಲಿ ಬೊಡ್ರೋಗ್ ಮತ್ತು ಟಿಸಾ ಎಂಬ ಎರಡು ನದಿಗಳು ಕೂಡುತ್ತವೆ. ಶರತ್ಕಾಲದ ಮುಂಜಾವಿನಲ್ಲಿ ನೀರಿನಿಂದೆದ್ದ ಮಂಜು ತೋಟಗಳನ್ನು ಕವಿಯುತ್ತದೆ. ಮಧ್ಯಾಹ್ನದ ಬಿಸಿಲು ಆ ತೇವವನ್ನು ಆರಿಸುತ್ತದೆ. ಈ ಸರದಿಯಲ್ಲಿ ಬೊಟ್ರೈಟಿಸ್ ಸಿನೆರಿಯಾ ಎಂಬ ಶಿಲೀಂಧ್ರವು ಹಣ್ಣಿನ ಸಿಪ್ಪೆಯನ್ನು ಸೂಕ್ಷ್ಮವಾಗಿ ಭೇದಿಸುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಸಕ್ಕರೆ, ಹುಳಿ, ಪರಿಮಳಗಳು ಹಣ್ಣಿನೊಳಗೆ ಸಾಂದ್ರವಾಗುತ್ತವೆ. ಬಿಸಿಲು ಕೈಕೊಟ್ಟು ತೇವವೇ ಉಳಿದರೆ ಅದೇ ಶಿಲೀಂಧ್ರ ಬೆಳೆಯನ್ನೆಲ್ಲ ಕೊಳೆಯಿಸಿಬಿಡುತ್ತದೆ.

ಹೀಗೆ ಬಳ್ಳಿಯಲ್ಲೇ ಸುಕ್ಕಿದ ಹಣ್ಣನ್ನು ಅಲ್ಲಿನವರು ‘ಅಸೂ’ ಎನ್ನುತ್ತಾರೆ. ಎಲ್ಲ ಹಣ್ಣೂ ಒಂದೇ ದಿನ ಸುಕ್ಕುವುದಿಲ್ಲವಾದ್ದರಿಂದ ಕೆಲಸಗಾರರು ಅದೇ ಸಾಲುಗಳಿಗೆ ಮತ್ತೆ ಮತ್ತೆ ಹೋಗಿ ಒಂದೊಂದೇ ಹಣ್ಣನ್ನು ಆರಿಸಿ ತೆಗೆಯಬೇಕು. ಹಿಂದೆ ಸುಮಾರು 25 ಕಿಲೋ ಹಿಡಿಯುವ ಹೆಡಿಗೆಯೇ ಅಳತೆಯಾಗಿತ್ತು. 136 ಲೀಟರಿನ ಪೀಪಾಯಿಗೆ ಎಷ್ಟು ಹೆಡಿಗೆ ಅಸೂ ಸೇರಿತೆಂಬುದರಿಂದ ಸಿಹಿಯ ದರ್ಜೆ ನಿರ್ಣಯವಾಗುತ್ತಿತ್ತು. ಇಂದಿನ ನಿಯಮದಂತೆ ಅಸೂ ವೈನಿನ ಪ್ರತಿ ಲೀಟರಿನಲ್ಲಿ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು. ಅದು ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 18 ತಿಂಗಳು ಮಾಗಬೇಕು. ಹಂಗೇರಿಯ ರಾಷ್ಟ್ರಗೀತೆಯಲ್ಲಿಯೇ ಟೊಕಾಯ್ ಬಳ್ಳಿಗಳ ಉಲ್ಲೇಖವಿದೆಯೆಂದರೆ ಆ ನಾಡಿಗೆ ಈ ಬೆಳೆ ಎಂಥದ್ದೆಂದು ಊಹಿಸಬಹುದು.

ಮಕ್ಕಳೂ ಓದುವ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ಪಾಲಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಆಸಕ್ತಿ ಇರುವುದು ಆ ಸೀಸೆಗೆ ಅಂಟಿಸಿದ ಹೆಸರಿನ ಚೀಟಿಯಲ್ಲಿ. ಟೊಕಾಯ್ ಎಂಬ ಒಂದು ಹೆಸರಿಗಾಗಿ ಎರಡು ವ್ಯಾಜ್ಯಗಳು ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋದವು.

ಮೊದಲನೆಯದು ಇಟಲಿಯದು. ಆ ದೇಶದ ಫ್ರಿಯೂಲಿ ಪ್ರಾಂತದ ರೈತರು ‘ತೊಕಾಯ್ ಫ್ರಿಯುಲಾನೊ’ ಎಂಬ ದ್ರಾಕ್ಷಿ ತಳಿಯನ್ನು ತಲೆತಲಾಂತರದಿಂದ ಬೆಳೆಯುತ್ತಿದ್ದರು. ಅದರಿಂದ ತಯಾರಾಗುವ ವೈನು ಸಿಹಿಯಾದುದಲ್ಲ. ಹಂಗೇರಿಯದಕ್ಕೂ ಅದಕ್ಕೂ ರುಚಿಯಲ್ಲಿ ಸಂಬಂಧವಿಲ್ಲ. 1993ರಲ್ಲಿ ಹಂಗೇರಿಯೊಡನೆ ಆದ ಒಪ್ಪಂದವು ಆ ಹೆಸರನ್ನು 2007ರ ಮಾರ್ಚ್ 31ರ ನಂತರ ಬಳಸಕೂಡದೆಂದು ವಿಧಿಸಿತು. ನಮ್ಮ ಹೆಸರು ನಮ್ಮ ಸ್ವತ್ತು, ಅದನ್ನು ಕಸಿಯುವುದು ಅನ್ಯಾಯ ಎಂಬ ವಾದವು ಫ್ರಿಯೂಲಿಯ ಕಡೆಯಿಂದ ಬಂದಿತು. 2005ರ ಮೇ 12ರಂದು ಹೊರಬಿದ್ದ ತೀರ್ಪು ಆ ವಾದವನ್ನು ಒಪ್ಪಲಿಲ್ಲ. ಇಟಲಿಯಲ್ಲಿ ಆ ಪದವು ಕೇವಲ ತಳಿಯ ಹೆಸರು, ಹಂಗೇರಿಯಲ್ಲಾದರೋ ಅದು ಒಂದು ಭೂಪ್ರದೇಶದ ಹೆಸರು. ರೈತರು ತಮ್ಮ ವೈನನ್ನು ಬೇರೆ ಹೆಸರಿನಿಂದ ಮಾರಲು ಅಡ್ಡಿಯಿಲ್ಲ ಎಂಬುದು ಅದರ ಸಾರ. ಇಂದು ಆ ವೈನು ‘ಫ್ರಿಯುಲಾನೊ’ ಎಂದಷ್ಟೇ ಮಾರಾಟವಾಗುತ್ತದೆ.

ಎರಡನೆಯದು ಗಡಿಯಿಂದ ಹುಟ್ಟಿದ ವ್ಯಾಜ್ಯ. ಟೊಕಾಯ್ ಸೀಮೆಯ ಎಲ್ಲೆಯನ್ನು 1737ರಲ್ಲಿಯೇ ರಾಜಾಜ್ಞೆಯಿಂದ ಗೊತ್ತುಪಡಿಸಲಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಹಂಗೇರಿಯನ್ನು 1920ರ ಟ್ರಿಯಾನೋನ್ ಒಪ್ಪಂದವು ತುಂಡರಿಸಿದಾಗ ಆ ಸೀಮೆಯ ಕೆಲವು ಹಳ್ಳಿಗಳು ಅಂದಿನ ಚೆಕೊಸ್ಲೊವಾಕಿಯಾಕ್ಕೆ ಸೇರಿದವು. ಇಂದು ಅವು ಸ್ಲೊವಾಕಿಯಾದಲ್ಲಿವೆ. ಒಂದು ಪಟ್ಟಣದ ಅಂಚಿನಲ್ಲಿ ಹರಿಯುವ ಸಣ್ಣ ಹಳ್ಳವೇ ದೇಶಗಳ ಗಡಿಯಾಯಿತು. ಬಳ್ಳಿಗಳು ಇದ್ದಲ್ಲೇ ಇದ್ದವು. ಆಚೆಯ ದಡದ ರೈತನು ತನ್ನ ವೈನಿಗೆ ಟೊಕಾಯ್ ಎನ್ನಬಹುದೇ ಎಂಬ ಪ್ರಶ್ನೆ ಉಳಿಯಿತು. ಐರೋಪ್ಯ ಒಕ್ಕೂಟದ ದತ್ತಾಂಶ ಪಟ್ಟಿಯಲ್ಲಿ ಸ್ಲೊವಾಕಿಯಾದ ಟೊಕಾಯ್ ಪ್ರದೇಶವನ್ನು ನಮೂದಿಸಿದ ರೀತಿಯನ್ನು ಹಂಗೇರಿ ಪ್ರಶ್ನಿಸಿತು. 2014ರ ಫೆಬ್ರವರಿ 13ರಂದು ಅದರ ಮೇಲ್ಮನವಿ ವಜಾ ಆಯಿತು. ಹೆಸರಿಗೆ ದೊರೆತ ರಕ್ಷಣೆ ಕಾನೂನಿನಿಂದಲೇ ಬಂದದ್ದು. ಪಟ್ಟಿಯಲ್ಲಿ ನಮೂದಾದುದರಿಂದ ಹೊಸದೇನೂ ಹುಟ್ಟಿಲ್ಲ, ಆದ್ದರಿಂದ ಆ ನಮೂದನ್ನು ಪ್ರಶ್ನಿಸಲು ಬರುವುದಿಲ್ಲ ಎಂಬುದು ಅದರ ತರ್ಕ. ಎರಡೂ ದಡಗಳಲ್ಲಿ ಹೆಸರು ಉಳಿಯಿತು.

ಈ ಎರಡು ವ್ಯಾಜ್ಯಗಳನ್ನು ಒಟ್ಟಿಗೆ ನೋಡಿದರೆ ಒಂದು ತತ್ತ್ವ ಕಾಣುತ್ತದೆ. ದೂರದಲ್ಲಿದ್ದವನಿಗೆ ದೀರ್ಘಕಾಲದ ಬಳಕೆಯೂ ನೆರವಾಗಲಿಲ್ಲ. ಅದೇ ನೆಲದಲ್ಲಿದ್ದವನಿಗೆ ನಡುವೆ ಎದ್ದ ಗಡಿಯೂ ಅಡ್ಡಿಯಾಗಲಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆಂದೇ 1999ರ ಭೌಗೋಳಿಕ ಸೂಚನೆಗಳ ಕಾಯಿದೆಯಿದೆ. 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಅದರಡಿ ಮೊದಲು ನೋಂದಣಿಯಾದುದು ಡಾರ್ಜಿಲಿಂಗ್ ಚಹಾ. ನಾಸಿಕ್ ಕಣಿವೆಯ ವೈನು, ಜತ್ತ ತಾಲ್ಲೂಕನ್ನೊಳಗೊಂಡ ಸಾಂಗ್ಲಿ ಜಿಲ್ಲೆಯ ಒಣದ್ರಾಕ್ಷಿ, ಸೋಲಾಪುರದ ಚಾದರ ಮತ್ತು ದಾಳಿಂಬೆ ಆ ಪಟ್ಟಿಯಲ್ಲಿವೆ. ನಮಗೆ ಹೆಚ್ಚು ಹತ್ತಿರದ್ದು ಕೊಲ್ಲಾಪುರಿ ಚಪ್ಪಲಿ. ಹೆಸರು ಒಂದು ಊರಿನದಾದರೂ ಅದನ್ನು ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಕರ್ಮಿಗಳೂ ಹೊಲಿಯುತ್ತಾರೆ. ಆದುದರಿಂದ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಹಾಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಹೀಗೆ ಎಂಟು ಜಿಲ್ಲೆಗಳಿಗೆ ಆ ಹೆಸರು ಕೂಡಿಯೇ ನೋಂದಣಿಯಾಗಿದೆ.

ವ್ಯಾಪಾರ ಚಿಹ್ನೆಯನ್ನು ಮಾರಬಹುದು. ಭೌಗೋಳಿಕ ಸೂಚನೆಯನ್ನು ಮಾರಲು, ಒತ್ತೆಯಿಡಲು, ಪರಭಾರೆ ಮಾಡಲು ಕಾಯಿದೆಯ 24ನೆಯ ಕಲಮು ಅವಕಾಶ ಕೊಡುವುದಿಲ್ಲ. ಹಾಗೆಂದು ಸುಮ್ಮನೆ ಕೂರುವಂತಿಲ್ಲ. ಹೆಸರು ಸಂಘ ಅಥವಾ ನಿಗಮದ ಹೆಸರಿನಲ್ಲಿ ನೋಂದಣಿಯಾದರೂ, ಅದನ್ನು ಬೆಳೆಯುವ, ನೇಯುವ, ಹೊಲಿಯುವ ವ್ಯಕ್ತಿಯು 17ನೆಯ ಕಲಮಿನಂತೆ ‘ಅಧಿಕೃತ ಬಳಕೆದಾರ’ನಾಗಿ ತಾನೂ ಅರ್ಜಿ ಸಲ್ಲಿಸಿ ಹೆಸರು ಬರೆಯಿಸಿಕೊಳ್ಳಬೇಕು. ಪ್ರತಿ ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದನ್ನರಿಯದ ಕಾರಣಕ್ಕೆ ಸರಕನ್ನು ತಯಾರಿಸುವವನ ಮನೆಗೆ ಹೆಸರಿನ ಲಾಭ ಮುಟ್ಟದೆ ಹೋಗಬಾರದು.

ಆದ್ದರಿಂದ ಪಾಲಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಕಸುಬು ಇಂತಹ ಹೆಸರಿನ ವ್ಯಾಪ್ತಿಗೆ ಬರುವುದಾದರೆ, ಬಳಕೆದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಈ ತಿಂಗಳೊಳಗೆ ವಿಚಾರಿಸಿರಿ. ಅರ್ಜಿ ತುಂಬುವಾಗ ಓದುಬರಹ ಬಲ್ಲ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಮುಂದಿನ ನವೀಕರಣದ ಹೊಣೆ ಅವರದೇ ಆಗಿರುತ್ತದೆ.