ಯಾತ್ರಿಕನ ಭಯ, ಧರ್ಮಶಾಲೆಯ ಬೀಗ

ಚಾತುರ್ಮಾಸ ಮುಗಿದು ಕಾರ್ತಿಕ ಕಳೆಯಿತೆಂದರೆ ಜೈನ ಕುಟುಂಬಗಳಲ್ಲಿ ತೀರ್ಥಯಾತ್ರೆಯ ಮಾತು ಆರಂಭವಾಗುತ್ತದೆ. ಮಳೆಗಾಲದಲ್ಲಿ ನೆಲದ ಮೇಲಿನ ಅಸಂಖ್ಯ ಜೀವಿಗಳಿಗೆ ಹಿಂಸೆಯಾಗಬಾರದೆಂದು ಮುನಿಸಂಘಗಳು ಒಂದೆಡೆ ನೆಲೆ ನಿಲ್ಲುತ್ತವೆ. ಬೇಸಿಗೆಯ ಬಿಸಿಲಿನಲ್ಲಿ ಬರಿಗಾಲ ನಡಿಗೆ ಗೃಹಸ್ಥರಿಗೆ ಕಷ್ಟ. ಉಳಿಯುವುದು ನಡುವಣ ನಾಲ್ಕು ತಿಂಗಳು. ಮುನಿಗಳ ವಿಹಾರ, ಪಂಚಕಲ್ಯಾಣ, ರಥೋತ್ಸವ, ಮದುವೆಗಳೆಲ್ಲ ಈ ಅವಧಿಯಲ್ಲೇ ಒಟ್ಟಾಗಿ ಬಂದು ಕ್ಷೇತ್ರಗಳ ಧರ್ಮಶಾಲೆಗಳು ತುಂಬಿಹೋಗುತ್ತವೆ. ಕಾಲ್ನಡಿಗೆಯಲ್ಲಿ ಹೊರಡಬೇಕೆಂದು ಸಂಕಲ್ಪ ಮಾಡಿದವನಿಗೆ ಹೊರಡುವ ಮೊದಲೇ ನಿದ್ರೆ ಕೆಡುತ್ತದೆ. ನಡೆಯಬಲ್ಲೆನೇ ಎಂಬ ಶಂಕೆ ಅವನಿಗೆ ಅಷ್ಟಾಗಿ ಇಲ್ಲ. ನಡೆದು ದಣಿದ ರಾತ್ರಿ ಎಲ್ಲಿ ಮಲಗುವುದೆಂಬ ಚಿಂತೆಯೇ ಅವನನ್ನು ಕಾಡುತ್ತದೆ. ಈ ಚಿಂತೆ ಯಾತ್ರಿಕನ ಮನೋದೌರ್ಬಲ್ಯವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದರ ಹೊಣೆಯಲ್ಲಿ ದೊಡ್ಡ ಪಾಲು ದೇವಾಲಯಗಳ ಆಡಳಿತ ನಡೆಸುವವರದು.

ಬಳ್ಳಾರಿಯ ಪಕ್ಕದ ಸಂಗನಕಲ್ಲಿನಿಂದ ಐದಾರು ಮಂದಿ ಶ್ರಾವಕ ಶ್ರಾವಿಕೆಯರು ಶ್ರವಣಬೆಳಗೊಳಕ್ಕೆ ನಡೆದು ಹೊರಟರೆಂದು ಇಟ್ಟುಕೊಳ್ಳಬಹುದು. ಚಳ್ಳಕೆರೆ, ಹಿರಿಯೂರು, ಹುಳಿಯಾರು, ತಿಪಟೂರು, ಚನ್ನರಾಯಪಟ್ಟಣಗಳ ಮೇಲೆ ಹಾದುಹೋಗುವ ಈ ದಾರಿ ಸುಮಾರು 300 ಕಿ.ಮೀ. ದಿನಕ್ಕೆ 20 ಕಿ.ಮೀ. ನಡೆದರೂ 15 ದಿನಗಳ ಪಯಣ. ಸೂರ್ಯಾಸ್ತದ ಒಳಗೆ ಊಟ ಮುಗಿಯಬೇಕು. ಬಟ್ಟೆಯಲ್ಲಿ ಸೋಸಿದ ನೀರು ಬೇಕು. ಹೆಂಗಸರಿಗೆ ಮರ್ಯಾದೆಯಿಂದ ಮಲಗಲು ಬಾಗಿಲುಳ್ಳ ಒಂದು ಕೋಣೆ ಬೇಕು. ಈ ಬಯಲುಸೀಮೆಯ ದಾರಿಯಲ್ಲಿ ಬಸದಿಯಿರುವ ಊರುಗಳು ವಿರಳ. ಒಂದು ಕಾಲಕ್ಕೆ ಈ ಸೀಮೆ ಹೀಗಿರಲಿಲ್ಲ. ಕೊಪಣವೆಂದು ಹೆಸರಾದ ಕೊಪ್ಪಳ ಮಹಾತೀರ್ಥವಾಗಿತ್ತು, ಕೋಗಳಿಯಲ್ಲಿ ಬಸದಿಗಳಿದ್ದವು, ಹಂಪೆಯಲ್ಲಿ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ ಕಟ್ಟಿಸಿದ ಕುಂಥುನಾಥ ಜಿನಾಲಯ ಗಾಣಗಿತ್ತಿ ಗುಡಿಯೆಂಬ ಹೆಸರಿನಲ್ಲಿ ಇಂದಿಗೂ ನಿಂತಿದೆ. ಇಂದು ಮಾತ್ರ ಈ ಸೀಮೆಯ ಪಾದಯಾತ್ರಿಕ ಶಾಲೆಯ ಜಗಲಿಯನ್ನೋ ಪರಮತದವರ ಛತ್ರವನ್ನೋ ನಂಬಿ ನಡೆಯಬೇಕಾಗಿದೆ.

ಶಾಸ್ತ್ರಗಳು ಈ ವಿಷಯದಲ್ಲಿ ಮೌನವಾಗಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವೈಯಾವೃತ್ಯವನ್ನು ನಾಲ್ಕು ಬಗೆಯೆಂದು ಹೇಳುತ್ತದೆ: ಆಹಾರ, ಔಷಧ, ಉಪಕರಣ ಮತ್ತು ಆವಾಸ. ಸಂಯಮಿಗಳ ಸೇವೆಯ ಪ್ರಕರಣದಲ್ಲಿ ಬಂದ ಮಾತಾದರೂ ತಂಗಲು ನೆಲೆ ಕೊಡುವುದು ಅನ್ನ ಕೊಡುವುದಕ್ಕೆ ಸಮಾನವಾದ ದಾನವೆಂಬುದು ಇದರಿಂದ ಸ್ಪಷ್ಟ. ಅನ್ನದಾನಕ್ಕೆ ಚೀಟಿ ಬರೆಸಲು ಸಾಲುಗಟ್ಟುವ ಸಮಾಜ ಆವಾಸದಾನವನ್ನು ಕೋಣೆ ಬಾಡಿಗೆಯ ವ್ಯವಹಾರವಾಗಿ ಮಾಡಿಕೊಂಡದ್ದು ಹೇಗೆ? ಇನ್ನು ಸಮ್ಯಗ್ದೃಷ್ಟಿಯಾದವನು ತೊರೆಯಬೇಕಾದ ಏಳು ಭಯಗಳನ್ನು ಆಚಾರ್ಯರು ಎಣಿಸಿದ್ದಾರೆ: ಇಹಲೋಕ, ಪರಲೋಕ, ಅರಕ್ಷಾ, ಅಗುಪ್ತಿ, ಮರಣ, ವೇದನಾ ಮತ್ತು ಆಕಸ್ಮಿಕ. ಇವುಗಳಲ್ಲಿ ಅಗುಪ್ತಿ ಎಂದರೆ ಮರೆಯಿಲ್ಲದ, ಭದ್ರವಾದ ನೆಲೆಯಿಲ್ಲದ ಸ್ಥಿತಿಯ ಭಯ. ಪಾದಯಾತ್ರಿಕನ ರಾತ್ರಿಯ ಚಿಂತೆಗೆ ಶತಮಾನಗಳ ಹಿಂದೆಯೇ ಹೆಸರು ಸಿಕ್ಕಿತ್ತು. ಈ ಭಯವನ್ನು ಗೆಲ್ಲುವುದು ಯಾತ್ರಿಕನ ಸಾಧನೆ. ಅದನ್ನು ಹೆಚ್ಚಿಸದಿರುವುದು ಧರ್ಮಶಾಲೆಯ ಕನಿಷ್ಠ ಕರ್ತವ್ಯ.

ವಾಸ್ತವದಲ್ಲಿ ನಡೆಯುವುದೇನು? ಅನೇಕ ಧರ್ಮಶಾಲೆಗಳಲ್ಲಿ ದಾನಿಗಳ ಹೆಸರು ಕೆತ್ತಿದ ಕೋಣೆಗಳು ಜನಸಂದಣಿಯ ದಿನಗಳಲ್ಲೂ ಬೀಗ ಹಾಕಿಕೊಂಡಿರುತ್ತವೆ. ಯಾವಾಗಲಾದರೂ ದಾನಿಯ ಬಂಧುಗಳು ಕಾರಿನಲ್ಲಿ ಬಂದಾರೆಂಬ ನಿರೀಕ್ಷೆಯಲ್ಲಿ, ಕಾಲು ಬೊಕ್ಕೆ ಬಂದ ಯಾತ್ರಿಕ ಆ ಬಾಗಿಲ ಮುಂದಿನ ಪಡಸಾಲೆಯಲ್ಲಿ ಮಲಗುತ್ತಾನೆ. ಮುಂಗಡ ಕಾಯ್ದಿರಿಸದವರಿಗೆ ಸ್ಥಳವಿಲ್ಲವೆಂಬ ನಿಯಮ ವಾಹನದವನಿಗೆ ಒಪ್ಪುತ್ತದೆ, ನಡೆಯುವವನಿಗೆ ಒಪ್ಪುವುದಿಲ್ಲ. ಇಂಥ ದಿನ ಇಷ್ಟು ಹೊತ್ತಿಗೆ ತಲುಪುವೆನೆಂದು ಅವನ ಕಾಲು ಭಾಷೆ ಕೊಡಲಾರದು.

ಇದಕ್ಕೆ ಮೂರು ಸಮಾಧಾನಗಳನ್ನು ಹೇಳುವುದುಂಟು. ಮೊದಲನೆಯದು, ದಾನಿಯ ಹಣದಿಂದ ಕಟ್ಟಿದ ಕೋಣೆಯ ಮೇಲೆ ದಾನಿಗೆ ಹಕ್ಕಿದೆಯೆಂಬುದು. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕೊಡುವ ದಾನದ ಲಕ್ಷಣವೇ ತನ್ನದೆಂಬ ವಸ್ತುವನ್ನು ಅನುಗ್ರಹಕ್ಕಾಗಿ ಬಿಟ್ಟುಕೊಡುವುದು. ಬಿಟ್ಟುಕೊಟ್ಟ ಮೇಲೂ ಬೀಗದ ಕೈ ತನ್ನ ಬಳಿಯೇ ಇರಲೆಂದರೆ ಅದು ಪುಣ್ಯಕ್ಷೇತ್ರದಲ್ಲಿ ಕಟ್ಟಿಕೊಂಡ ಸ್ವಂತ ಮನೆಯಾದೀತೇ ಹೊರತು ದಾನವಾಗದು. ಅದೇ ಅಧ್ಯಾಯವು ಅಚೌರ್ಯವ್ರತದ ಐದು ಭಾವನೆಗಳಲ್ಲಿ ಒಂದಾಗಿ ಪರೋಪರೋಧಾಕರಣವನ್ನು, ಎಂದರೆ ತಂಗುವ ತಾಣದಲ್ಲಿ ಇತರರನ್ನು ತಡೆಯದಿರುವುದನ್ನು ಹೇಳಿದೆ. ಮುಖ್ಯವಾಗಿ ಮುನಿಗಳಿಗೆ ಅನ್ವಯಿಸುವ ಮಾತಿದು, ನಿಜ. ಆದರೆ ಮುನಿಗಳು ತಡೆಯಬಾರದೆಂದಲ್ಲಿ ಗೃಹಸ್ಥರು ಬೀಗ ಜಡಿಯಬಹುದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಎರಡನೆಯ ಸಮಾಧಾನ, ಯಾತ್ರೆಯೆಂದರೆ ಕಷ್ಟ ಸಹಿಸುವುದೇ ಅಲ್ಲವೇ ಎಂಬುದು. ಚರ್ಯಾ, ನಿಷದ್ಯಾ, ಶಯ್ಯಾ, ಅಂದರೆ ನಡಿಗೆ, ಕುಳಿತಿರುವಿಕೆ, ಮಲಗುವ ನೆಲ ಇವುಗಳಿಂದ ಒದಗುವ ಕ್ಲೇಶಗಳು ಇಪ್ಪತ್ತೆರಡು ಪರೀಷಹಗಳಲ್ಲಿ ಸೇರಿವೆ. ಪರೀಷಹವು ಸಾಧಕನು ತಾನಾಗಿ ಸಮತೆಯಿಂದ ಸಹಿಸುವಂಥದು. ಮತ್ತೊಬ್ಬರು ಅವನ ಮೇಲೆ ಹೇರುವಂಥದಲ್ಲ. ಹಣವಿದ್ದವನಿಗೆ ಹವಾನಿಯಂತ್ರಿತ ಕೋಣೆಯನ್ನೂ ಇಲ್ಲದವನಿಗೆ ಪರೀಷಹದ ಉಪದೇಶವನ್ನೂ ಕೊಡುವ ವ್ಯವಸ್ಥೆ ಶಾಸ್ತ್ರದ ಹೆಸರಿನಲ್ಲಿ ಶಾಸ್ತ್ರಕ್ಕೆ ಮಾಡುವ ಅಪಚಾರ.

ಮೂರನೆಯದು ಹಣ ಮತ್ತು ರಕ್ಷಣೆಯ ತೊಡಕು. ಇದಕ್ಕೆ ಉತ್ತರ ಶ್ರವಣಬೆಳಗೊಳದ ಕಲ್ಲಿನಲ್ಲೇ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ಬಗೆಹರಿಸಿದ ಪ್ರಸಿದ್ಧ ಶಾಸನದಲ್ಲಿ ಒಂದು ಏರ್ಪಾಡು ಇದೆ. ರಾಜ್ಯದ ಜೈನರೆಲ್ಲ ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನವರು ಅದರಿಂದ ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಏರ್ಪಾಡು ಯಾವ ಒಬ್ಬ ಶ್ರೀಮಂತನ ಔದಾರ್ಯವನ್ನೂ ಕಾಯಲಿಲ್ಲ. ಪ್ರತಿ ಮನೆಯೂ ಕೊಟ್ಟಿತು; ಆದ್ದರಿಂದ ತೀರ್ಥ ಪ್ರತಿ ಮನೆಯದೂ ಆಯಿತು. ಅಂದು ಮನೆಮನೆಯ ಹಣದಿಂದ ಆದ ಕೆಲಸ ಇಂದು ಏಕಾಗದು?

ಸಮಾಜಕ್ಕೆ ಶಕ್ತಿಯಿಲ್ಲವೆಂಬ ಮಾತೂ ನಿಲ್ಲುವುದಿಲ್ಲ. 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದ ಹೊರವಲಯದಲ್ಲಿ ತಾತ್ಕಾಲಿಕ ಉಪನಗರಗಳೇ ಎದ್ದು ನಿಂತವು. ಹನ್ನೆರಡು ವರ್ಷದ ವಾಡಿಕೆಯಂತೆ ಮುಂದಿನದು 2030ರ ಸುಮಾರಿಗೆ ಬರಬೇಕು. ಉತ್ಸವಕ್ಕೆ ನಗರಗಳನ್ನು ಕಟ್ಟಬಲ್ಲವರಿಗೆ ದಾರಿಯಲ್ಲಿ ಹದಿನಾಲ್ಕು ಜಗಲಿಗಳನ್ನು ಒದಗಿಸುವುದು ಅಸಾಧ್ಯವೇ? ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದುಹೋಗುವ ಮಲ್ಲಯ್ಯನ ಭಕ್ತರಿಗೆ ದಾರಿಯ ಊರುಗಳ ಜನ ಚಪ್ಪರ ಹಾಕಿ ನೀರು, ಮಜ್ಜಿಗೆ, ಅನ್ನ ನೀಡುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಸಾಮಾನ್ಯ ಒಕ್ಕಲಿನವರು. ನೆರೆಯವರ ಈ ನಡತೆಯನ್ನು ಕಂಡೂ ಕಲಿಯದಿದ್ದರೆ ಅಹಿಂಸೆಯ ಉಪನ್ಯಾಸಗಳಿಗೆ ಅರ್ಥ ಉಳಿಯುವುದಿಲ್ಲ.

ಆಗಬೇಕಾದ ಕೆಲಸ ದೊಡ್ಡದಲ್ಲ. ಪ್ರತಿ ಧರ್ಮಶಾಲೆಯಲ್ಲೂ ಒಂದು ಹಜಾರವನ್ನು ಪಾದಯಾತ್ರಿಕರಿಗಾಗಿ ಮುಂಗಡವಿಲ್ಲದೆ, ಬಾಡಿಗೆಯಿಲ್ಲದೆ, ಪಂಥ ಕೇಳದೆ ಮೀಸಲಿಡಬೇಕು. ಸಂದಣಿಯ ದಿನಗಳಲ್ಲಿ ಸಂಜೆಯವರೆಗೆ ಖಾಲಿ ಉಳಿದ ಹೆಸರಿನ ಕೋಣೆಗಳು ಬಂದವರಿಗೆ ತೆರೆಯಬೇಕು. ವೃದ್ಧರಿಗೂ ಹೆಂಗಸರಿಗೂ ಮೊದಲ ಅವಕಾಶ ಇರಬೇಕು. ಬಸದಿಯಿಲ್ಲದ ಊರುಗಳಲ್ಲಿ ಇರುವ ಒಂದೆರಡು ಜೈನ ಮನೆಗಳನ್ನು, ಅವೂ ಇಲ್ಲದಲ್ಲಿ ಒಪ್ಪುವ ಇತರ ಸಜ್ಜನರನ್ನು ಮೊದಲೇ ಕಂಡು, ತಂಗುದಾಣಗಳ ಪಟ್ಟಿಯನ್ನು ಜಿಲ್ಲಾವಾರು ಅಚ್ಚು ಹಾಕಿಸಬೇಕು. ರಕ್ಷಣೆಗೆ ಒಂದು ದಾಖಲೆ ಪುಸ್ತಕ, ಒಬ್ಬ ಕಾವಲುಗಾರ ಸಾಕು.

ಯಾತ್ರಿಕನಿಗೂ ಹೊಣೆಯಿದೆ. ಭಯದಿಂದ ಮೂರು ಕಡೆ ಕೋಣೆ ಹಿಡಿದಿಟ್ಟು ಎರಡನ್ನು ಖಾಲಿ ಬಿಡುವವನು ಇನ್ನಿಬ್ಬರ ನಿದ್ರೆಯನ್ನು ಕಸಿದಂತೆ; ಅದು ಪರಿಗ್ರಹವೇ. ಹೊರಡುವ ತಿಂಗಳ ಮೊದಲು ನಿತ್ಯ ನಡೆದು ಕಾಲನ್ನು ಪಳಗಿಸಬೇಕು. ಚಾಪೆಯ ಮೇಲೆ ಮಲಗುವ ಅಭ್ಯಾಸ ಮಾಡಬೇಕು. ದಿನಕ್ಕೊಮ್ಮೆ 48 ನಿಮಿಷಗಳ ಸಾಮಾಯಿಕದಲ್ಲಿ ಕುಳಿತು, ಬರಬಹುದಾದುದನ್ನೂ ಬಾರದೆ ಹೋಗಬಹುದಾದುದನ್ನೂ ಸಮವಾಗಿ ನೋಡಲು ಮನಸ್ಸಿಗೆ ಕಲಿಸಬೇಕು. ಭದ್ರಬಾಹು ಸ್ವಾಮಿಗಳು ಬರಗಾಲದಲ್ಲಿ ಉತ್ತರದಿಂದ ಕಟವಪ್ರಕ್ಕೆ ಸಂಘಸಮೇತ ನಡೆದು ಬಂದರೆಂಬುದು ಪರಂಪರೆ. ಆ ನಡಿಗೆಯನ್ನು ನೆನೆಯುವವನಿಗೆ ಜಗಲಿಯೂ ಸಾಕು.

ಜಗಲಿ ಸಾಕೆಂದು ಹೇಳುವ ಅಧಿಕಾರ ಮಾತ್ರ ನಡೆಯುವವನದು, ಬೀಗದ ಕೈ ಹಿಡಿದವನದಲ್ಲ. ಮುಂದಿನ ಕಾರ್ತಿಕಕ್ಕೆ ಮುನ್ನ ಪ್ರತಿ ಟ್ರಸ್ಟಿನ ಸಭೆಯಲ್ಲೂ ಈ ಒಂದು ವಿಷಯ ಚರ್ಚೆಗೆ ಬಂದು, ಒಂದು ಹಜಾರವಾದರೂ ಪಾದಯಾತ್ರಿಕರಿಗೆಂದು ನಿಶ್ಚಯವಾಗಲಿ.