ದೇವರ ಅಂಜಿಕಿ, ಮಂದಿ ಅಂಜಿಕಿ

ನಾನು ನಾಸ್ತಿಕ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೆಯದು. ಯಾರ ಮೇಲೋ ಸಿಟ್ಟು ಬಂದು ಆದವನಲ್ಲ, ದಪ್ಪ ಪುಸ್ತಕ ಓದಿ ಆದವನೂ ಅಲ್ಲ. ಕಾಲೇಜಿನ ದಿನಗಳಲ್ಲಿ ಹಾಲುಹಲ್ಲು ಬಿದ್ದ ಹಾಗೆ ನಂಬಿಕೆ ತಾನಾಗೇ ಬಿದ್ದುಹೋಯಿತು. ನೋವೂ ಆಗಲಿಲ್ಲ.

ನೋವಾಗಿದ್ದು ಅವ್ವನಿಗೆ. ನಮ್ಮೂರು ಸಿಂದಗಿ ತಾಲ್ಲೂಕಿನಲ್ಲಿ. ಅವ್ವನ ತವರು ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಂಡೆಗೆ ಹತ್ತಿರ. ಅಕ್ಕನನ್ನು ಕೊಟ್ಟಿದ್ದು ಇಂಡಿಯ ಹತ್ತಿರದ ಊರಿಗೆ. ಅತ್ತಿಂದಿತ್ತ ಓಡಾಡುವಾಗ ಬಸವನ ಬಾಗೇವಾಡಿ ಸಿಕ್ಕರೆ ಅವ್ವ ಇಳಿದು ಗುಡಿಗೆ ಹೋಗಿ ಬರದೆ ಮುಂದೆ ಹೋಗುವವಳಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮುಗಿಯುವವರೆಗೆ ಒಂದು ಗುಟುಕು ಚಹಾ ಕುಡಿಯುವುದಿಲ್ಲ. ಅಂಥವಳ ಮಗ ನಾನು, ಕೊರಳಿನ ಲಿಂಗ ತೆಗೆದಿಟ್ಟೆ ಅಂದಾಗ ಅವಳು ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ದೇವರಿಲ್ಲ ಅಂತಿ. ಹಂಗಾದ್ರ ಕೆಟ್ಟ ಕೆಲಸ ಮಾಡಾಕ ನಿನಗ ಅಂಜಿಕಿ ಯಾರದು?"

ಈ ಪ್ರಶ್ನೆ ನಿಮ್ಮಲ್ಲಿ ಬಹಳ ಜನಕ್ಕೆ ಅವರವರ ಮನೆಯಲ್ಲಿ ಎದುರಾಗಿರಬಹುದು. ನನ್ನ ಹತ್ತಿರ ಉತ್ತರ ತಯಾರಿತ್ತು. ಡೆನ್ಮಾರ್ಕು, ಸ್ವೀಡನ್ನಿನಂಥ ದೇಶಗಳಲ್ಲಿ ವಾರವಾರ ಚರ್ಚಿಗೆ ಹೋಗುವವರು ಬಹಳ ಕಡಿಮೆ, ಭ್ರಷ್ಟಾಚಾರವೂ ಕಡಿಮೆ. ನಮ್ಮಲ್ಲಿ ದೇವರಿಗೇನು ಬರವೇ? ಲಂಚ ತಗೊಳ್ಳುವವರ ಟೇಬಲ್ಲಿನ ಹಿಂದೆಯೇ ದೇವರ ಫೋಟೋ ಇರುತ್ತದಲ್ಲ. ಅಂಜಿಕೆಯಿಂದ ಒಳ್ಳೆಯವನಾಗೋದು ಪೊಲೀಸರನ್ನು ನೋಡಿ ಹೆಲ್ಮೆಟ್ ಹಾಕಿಕೊಂಡಂಗೆ.. ಹೀಗೆಲ್ಲ ಹೇಳಿ ಗೆದ್ದೆ ಅಂದುಕೊಂಡೆ. ಅವ್ವ ರೊಟ್ಟಿ ಬಡಿಯುತ್ತಾ ಸುಮ್ಮನಿದ್ದಳು. ದೇವರನ್ನು ಬಿಟ್ಟ ಸರ್ಕಾರಗಳೂ ಕೊಲೆ ಮಾಡಿವೆ, ಸ್ಟಾಲಿನ್ನನ ರಷ್ಯಾ ಇದೆ, ಪೋಲ್ ಪಾಟ್‌ನ ಕಾಂಬೋಡಿಯಾ ಇದೆ ಅಂತ ತಿರುಗಿ ಕೇಳಲು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಹೇಳಲಿಲ್ಲ.

ಅವಳ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ಎರಡು ವರ್ಷದ ಹಿಂದೆ, ದೊಡ್ಡಪ್ಪ ತೀರಿಕೊಂಡಾಗ. ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಶಿವಗಣಾರಾಧನೆಯ ದಿನ. ಮನೆ ತುಂಬ ಬೀಗರು, ಭಾವಕಿ. ಊಟಕ್ಕೆ ಮೊದಲು ಒಬ್ಬರು ಪ್ರವಚನ ಹೇಳಿದರು. ವಿಷಯ ಬಸವಣ್ಣ ಮತ್ತು ಸಮಾನತೆ. ಚೆನ್ನಾಗಿಯೇ ಹೇಳಿದರು, ನಾನೂ ತಲೆಯಾಡಿಸಿದೆ. ಆಮೇಲೆ ಪಡಸಾಲೆಯಲ್ಲಿ ಪಂಕ್ತಿ ಕೂತಿತು. ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ. ಬೆಂಗಳೂರಿಂದ ಬಂದವನು ಅಂತ ನನ್ನನ್ನು ಮೊದಲ ಪಂಕ್ತಿಗೇ ಕೂರಿಸಿದರು.

ನಾನು ಕೂತ ಜಾಗದಿಂದ ಬಾಗಿಲಾಚೆ ಬೇವಿನ ಗಿಡ ಕಾಣುತ್ತಿತ್ತು. ಅದರ ಕೆಳಗೆ ಕಾಕಾ ಕೂತಿದ್ದರು, ಮನೆಯಿಂದ ತಂದ ಗಂಗಾಳ ಮುಂದಿಟ್ಟುಕೊಂಡು. ರಕ್ತಸಂಬಂಧದ ಕಾಕಾ ಅಲ್ಲ. ನಾನು ಹುಟ್ಟುವ ಮೊದಲಿನಿಂದ ನಮ್ಮ ಹೊಲ ನೋಡಿಕೊಂಡವರು. ಜೋಳದ ತೆನೆ ಸುಟ್ಟು ಸೀತನಿ ತಿನ್ನಿಸಿದವರು, ಬಾವಿಯಲ್ಲಿ ಈಜು ಕಲಿಸಿದವರು. ಕಲಿಸುವಾಗ ನನ್ನ ಹೊಟ್ಟೆಗೆ ಕೈಕೊಟ್ಟು ಹಿಡಿದಿದ್ದರು, ಆಗ ಯಾರಿಗೂ ಮೈಲಿಗೆ ಆಗಿರಲಿಲ್ಲ. ದೊಡ್ಡಪ್ಪನ ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವರೂ ಅವರೇ. ಅವರ ಮನೆ ಕೇರಿಯಲ್ಲಿ. ಆದ್ದರಿಂದ ಊಟ ಗಿಡದ ಕೆಳಗೆ.

ನನಗೆ ಕಂಡಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ತೆಗೆದುಹಾಕಿದೆ ಅನ್ನೋದೂ ನೆನಪಿಗೆ ಬಂತು. ಸಾವಿನ ಮನೆಯಲ್ಲಿ ಜಗಳ ಯಾಕೆ, ಇವತ್ತು ಬೇಡ, ಹಿರಿಯರಿದ್ದಾರೆ.. ಇವೂ ನೆನಪಿಗೆ ಬಂದವು. ನಾನು ಹುಗ್ಗಿ ತಿಂದೆ. ಎರಡನೇ ಸಲ ಬಡಿಸಿದರು, ಅದನ್ನೂ ತಿಂದೆ.

ಹೆಂಗಸರ ಪಂಕ್ತಿ ಶುರುವಾದಾಗ ಅವ್ವ ತನ್ನ ಗಂಗಾಳ ತಗೊಂಡು ಎದ್ದಳು. ಯಾರಿಗೂ ಏನೂ ಹೇಳಲಿಲ್ಲ. ಅಂಗಳ ದಾಟಿ ಹೋಗಿ ಬೇವಿನ ಗಿಡದ ಕೆಳಗೆ, ಕಾಕಾನ ಎದುರಿಗೆ ನೆಲದ ಮೇಲೆ ಕೂತು ಉಂಡಳು. ಪಡಸಾಲೆ ಒಂದು ಗಳಿಗೆ ಸದ್ದಿಲ್ಲದೆ ನಿಂತಿತು. ಅತ್ತೆಯೊಬ್ಬರು "ಏನ ಇದು, ಈಕೀದು?" ಅಂದಿದ್ದು ನನಗೆ ಕೇಳಿಸಿತು. ಅವ್ವನಿಗೂ ಕೇಳಿಸಿರಬೇಕು.

ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸುವಾಗ ಕೇಳಿದೆ, ಯಾಕವ್ವಾ ಹಂಗ ಮಾಡಿದಿ ಅಂತ. ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಅವಳ ದನಿಯಲ್ಲಿ ಇರಲಿಲ್ಲ.

"ನಾಳಿ ಮುಂಜಾನೆ ಲಿಂಗ ಕೈಯಾಗ ಹಿಡೀಬೇಕಲ್ಲಪ್ಪಾ. ನೀ ಸುಮ್ನ ಉಂಡಿ, ನೋಡಿದೆ. ನಿನಗ ದೇವರ ಅಂಜಿಕಿ ಇಲ್ಲ, ಖರೆ. ಮಂದಿ ಅಂಜಿಕಿ ಐತಿ ನೋಡು."

ಅಷ್ಟೇ. ಮಗ್ಗುಲು ಬದಲಿಸಿ ಮಲಗಿದಳು.

ಅವತ್ತಿನಿಂದ ನನಗೆ ಆಸ್ತಿಕ-ನಾಸ್ತಿಕ ಅನ್ನುವ ಗೆರೆಯೇ ಮುಖ್ಯ ಅಂತ ಅನ್ನಿಸುತ್ತಿಲ್ಲ. ಸಂಘಟಿತ ಧರ್ಮ ಅಂತ ನಾವು ದೊಡ್ಡ ಶಬ್ದದಲ್ಲಿ ಕರೆಯುವುದನ್ನು ಬಿಡಿಸಿ ನೋಡಿದರೆ ಅದರಲ್ಲಿ ದೇವರು ಸ್ವಲ್ಪ, ಮಂದಿ ಬಹಳ. ಯಾರು ಎಲ್ಲಿ ಕೂರಬೇಕು, ಯಾರ ಮನೆಗೆ ಹೆಣ್ಣು ಕೊಡಬೇಕು, ಯಾರನ್ನು ಎಲ್ಲಿ ಹೂಳಬೇಕು.. ಇದನ್ನೆಲ್ಲ ಕಾಯುವವರು ಮಂದಿ. ನಾನು ಬಿಟ್ಟಿದ್ದು ದೇವರನ್ನು ಮಾತ್ರ. ಎದುರು ಬಂದು ಏನೂ ಕೇಳದ ದೇವರನ್ನು ಬಿಡೋದು ಸುಲಭ. ಮಂದಿ ಹಾಗಲ್ಲ, ಫೋನ್ ಮಾಡಿ ಕೇಳುತ್ತಾರೆ.

ನಮ್ಮ ಭಾಗದ ದೊಡ್ಡವರನ್ನು ಈ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತಾರೆ. ಬಾಗೇವಾಡಿಯ ಹುಡುಗ ಬಸವಣ್ಣ ಉಪನಯನ ಒಲ್ಲೆ ಅಂತ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದ ಕಥೆ ನಮಗೆಲ್ಲ ಗೊತ್ತು. ನಾಸ್ತಿಕರು ಕೆಲವರು ಬಸವಣ್ಣನನ್ನು ನಮ್ಮವನು ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಪ್ರತಿ ವಚನದ ಕೊನೆಗೂ ತನ್ನ ದೇವರ ಹೆಸರು ಬರೆದವರು ಅವರು. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಆ ಏಳು 'ಬೇಡ'ಗಳ ವಚನ ನೆನಪಿಸಿಕೊಳ್ಳಿ. ಏಳರಲ್ಲಿ ಒಂದೂ ಪೂಜೆಯ ರೀತಿಗೆ ಸಂಬಂಧಿಸಿದ್ದಲ್ಲ, ಎಲ್ಲವೂ ಇನ್ನೊಬ್ಬರ ಜೊತೆ ನಾವು ಹೇಗಿರಬೇಕು ಅನ್ನುವುದಕ್ಕೆ ಸೇರಿದ್ದು. ಆದರೆ ಮುಗಿಯೋದು ದೇವರಲ್ಲಿ. ದೇವರನ್ನು ಇಟ್ಟುಕೊಂಡು ಮಂದಿಯ ಅಂಜಿಕೆ ಬಿಟ್ಟವರು ಬಸವಣ್ಣ. ನಾನು ಮಾಡಿದ್ದು ಇದರ ತಿರುವು ಮುರುವು.

ಸಿಂದಗಿ ತಾಲ್ಲೂಕಿನಲ್ಲೇ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರೂ ನಾಸ್ತಿಕರಾಗಿರಲಿಲ್ಲ, ವಚನಗಳಿಗಾಗಿ ಬಾಳು ಸವೆಸಿದ ಸಂಶೋಧಕರು. 'ಮಾರ್ಗ'ದ ಲೇಖನಗಳಿಗಾಗಿ 1989ರಲ್ಲಿ ಮಂದಿ ಎದ್ದಾಗ ಅವರು ಬರೆದದ್ದನ್ನು ಹಿಂದಕ್ಕೆ ತಗೊಳ್ಳಬೇಕಾಯಿತು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಅದು ನನ್ನ ಬೌದ್ಧಿಕ ಆತ್ಮಹತ್ಯೆ ಅಂತ ನೊಂದುಕೊಂಡರು. ಆದರೆ ಬರೆಯೋದು, ಮಾತಾಡೋದು ಬಿಡಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಹುಗ್ಗಿ ತಿನ್ನುತ್ತಾ ಸುಮ್ಮನಿದ್ದ ನನಗೆ ಅವರ 1989 ಅರ್ಥವಾಗುತ್ತದೆ. ಅದರ ನಂತರದ ವರ್ಷಗಳು ಇನ್ನೂ ಅರ್ಥವಾಗಬೇಕು.

ಮತ್ತೊಬ್ಬರು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟರೆ ಬೇಡ ಅಂದರು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಸ್ವಾಮಿಗಳಾದರೆ ಮೇಲೆ ಗದ್ದುಗೆ ಕಟ್ಟುತ್ತಾರೆ. ಇವರು ದೇಹವನ್ನು ಸುಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಹೋದಾಗ ಲಕ್ಷಾಂತರ ಜನ ಸೇರಿ ಅತ್ತರು, ಮತ್ತು ಹೇಳಿದಂತೆಯೇ ನಡೆದುಕೊಂಡರು. ಗದ್ದುಗೆ ಎದ್ದರೆ ಅದರ ಸುತ್ತ ಮಂದಿ ಏನು ಕಟ್ಟುತ್ತಾರೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತೇನೋ!

ಹಾಗಂತ ಮಂದಿ ಎಂದರೆ ಕೆಟ್ಟದ್ದೇ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. 1910ರಲ್ಲಿ ಬಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಶುರು ಮಾಡಿದವರು ಫ.ಗು. ಹಳಕಟ್ಟಿ. ಅದು ಬೆಳೆಯಲು ಊರೂರು ತಿರುಗಿದವರು ಇಂಡಿ ಕಡೆಯ ಬಂಥನಾಳದ ಸಂಗನಬಸವ ಶಿವಯೋಗಿಗಳು, ಒಬ್ಬ ಮಠದ ಸ್ವಾಮಿ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು ಒಂದು ಮಠದ ಬೋರ್ಡಿಂಗಿನಲ್ಲಿ ಉಂಡು ಓದಿದರು. ನನ್ನ ನಾಸ್ತಿಕತೆಗೂ ಆ ಅನ್ನದ ಋಣ ಇದೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಇಂಡಿ, ಸಿಂದಗಿ ಕಡೆಯ ದಂಡೆ ಊರುಗಳಿಗೆ ನೀರು ನುಗ್ಗಿದಾಗ ನಮ್ಮೂರಲ್ಲಿ ಗುಡಿಯ ಮೈಕಿನಲ್ಲಿ ಕೂಗಿದರು. ಸಂಜೆಯೊಳಗೆ ಮನೆಮನೆಯಿಂದ ರೊಟ್ಟಿಯ ಗಂಟು ಬಂದವು. ನಾನೊಬ್ಬನೇ ಬಾಗಿಲು ಬಡಿದು ಕೇಳಿದ್ದರೆ ಅಷ್ಟು ಸೇರುತ್ತಿತ್ತೇ? ಇಲ್ಲ. ರೊಟ್ಟಿ ಕಳಿಸಿದ್ದು, ಕಾಕಾನನ್ನು ಗಿಡದ ಕೆಳಗೆ ಕೂರಿಸಿದ್ದು ಒಂದೇ ಮಂದಿ.

ಹಾಗಾಗಿ ಒಳ್ಳೆಯವನಾಗಲು ದೇವರು ಬೇಕೇ ಅಂತ ಕೇಳಿದರೆ ಬೇಡ ಅಂತ ಈಗಲೂ ಹೇಳುತ್ತೇನೆ. ಆದರೆ ದೇವರಿಲ್ಲ ಅಂದಾಕ್ಷಣ ಯಾರೂ ಒಳ್ಳೆಯವರಾಗೋದಿಲ್ಲ. ನಮ್ಮವರೇ ನಮ್ಮ ಮೇಲೆ ಮುಖ ಗಂಟಿಕ್ಕುವಾಗ ಏನು ಮಾಡುತ್ತೇವೆ, ಪರೀಕ್ಷೆ ಅಲ್ಲಿದೆ. ಅವ್ವನಿಗೆ ಅವತ್ತು ಅಂಗಳ ದಾಟಲು ಅವಳ ಲಿಂಗ ಬಲ ಕೊಟ್ಟಿತು. ನನಗೆ ಬಲ ಕೊಡುವಂಥದ್ದು ಏನಿದೆ ಅಂತ ಹುಡುಕಬೇಕಾದವನು ನಾನು. ಅವಳ ಲಿಂಗವನ್ನು ಮೂಢನಂಬಿಕೆ ಅಂತ ಕರೆಯುವ ಮೊದಲು ಅದನ್ನು ಹುಡುಕಿರಬೇಕಿತ್ತು.

ಮುಂದಿನ ತಿಂಗಳು ದೊಡ್ಡಪ್ಪನ ಮಗನ ಹೊಸ ಮನೆಯ ಗೃಹಪ್ರವೇಶ. ಫೋನ್ ಮಾಡಿ ಹೇಳಿದೆ, ಕಾಕಾ ನಮ್ಮ ಪಂಕ್ತಿಯಲ್ಲೇ ಕೂರಬೇಕು ಅಂತ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬಂದಾಗ ನೋಡೂಣು" ಅಂದು ಇಟ್ಟ. ಆಮೇಲೆ ಕಾಕಾಗೂ ಫೋನ್ ಮಾಡಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ.

"ಬ್ಯಾಡ ಬಿಡ್ರಿ ಯಪ್ಪಾ. ನೀವು ಮರುದಿನ ಬೆಂಗಳೂರು ಬಸ್ ಹತ್ತತೀರಿ. ನಾ ಇಲ್ಲೇ ಇರಬೇಕಲ್ರಿ."

ನಾನು ಅವರನ್ನು ಕಾಕಾ ಅಂತೀನಿ, ಅವರು ನನಗೆ ಬಹುವಚನ ಹಚ್ಚುತ್ತಾರೆ. ಇಷ್ಟು ವರ್ಷ ಇದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಅವರನ್ನು ಒಳಗೆ ಎಳೆದು ತಂದು ನಾನು ಒಳ್ಳೆಯವನಾದರೆ, ಅದರ ಬೆಲೆ ತೆರುವವರು ಅವರು. ಅವ್ವ ಇದನ್ನು ಯೋಚಿಸಿಯೇ ಮಾಡಿದಳೋ ಇಲ್ಲವೋ, ಅವಳು ಅವರನ್ನು ಒಳಗೆ ಕರೆಯಲಿಲ್ಲ, ತಾನೇ ಹೊರಗೆ ಹೋದಳು. ಮಾತು ಬಂದರೆ ಅವಳಿಗೇ ಬರಲಿ ಅಂತ.

ಹೊಸ ಮನೆಯ ಮುಂದೆ ಬೇವಿನ ಗಿಡ ಇಲ್ಲವಂತೆ, ಶಾಮಿಯಾನ ಹಾಕುತ್ತಾರಂತೆ. ಕಾಕಾನನ್ನು ಎಲ್ಲಿ ಕೂರಿಸುತ್ತಾರೋ ನೋಡಿ, ನನ್ನ ಗಂಗಾಳ ತಗೊಂಡು ಅಲ್ಲಿಗೆ ಹೋಗಬೇಕು ಅಂತಿದ್ದೇನೆ. ಹೇಳೋದು ಸುಲಭ. ಇಲ್ಲಿ ಬರೆದಿಟ್ಟರೆ ಆಮೇಲೆ ಹಿಂದೆ ಸರಿಯಲು ನಾಚಿಕೆಯಾದರೂ ಆಗುತ್ತದಲ್ಲ, ಅದಕ್ಕೆ ಬರೆದೆ. ಮಂದಿ ಅಂಜಿಕಿಯನ್ನು ಒಮ್ಮೆ ಹೀಗೂ ಉಪಯೋಗಿಸಿ ನೋಡೋಣ.

ನಿಮ್ಮ ಮನೆಯ ಪಂಕ್ತಿಯಲ್ಲಿ ನೀವು ಕೂತ ಜಾಗದಿಂದ ಬಾಗಿಲಾಚೆ ಯಾರು ಕಾಣುತ್ತಾರೆ?